ಮೂವತ್ತಾರರ ಲೆಕ್ಕ

ಹಳೆಯ ಫಿಲ್ಮ್ ಕ್ಯಾಮೆರಾದ ನೆತ್ತಿಯ ಮೇಲೆ ಹುಣಸೆ ಬೀಜದಷ್ಟು ಅಗಲದ ಒಂದು ಕಿಟಕಿ ಇರುತ್ತಿತ್ತು. ಫೋಟೊ ತೆಗೆದು ಲಿವರ್ ಎಳೆದಾಗಲೆಲ್ಲ ಅದರೊಳಗಿನ ಅಂಕಿ ಒಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. 36ಕ್ಕೆ ಬಂದರೆ ರೀಲು ಮುಗಿಯಿತು. ರೀಲಿನ ಬೆಲೆ, ತೊಳೆಸಿದ್ದು, ಪ್ರಿಂಟ್ ಹಾಕಿಸಿದ್ದು ಎಲ್ಲವನ್ನೂ ಕೂಡಿ 36ರಿಂದ ಭಾಗಿಸಿ, ಒಂದು ಫೋಟೊಗೆ ಎಷ್ಟು ಬಿತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬಟನ್ ಒತ್ತುತ್ತಿದ್ದ ಕಾಲ ಅದು.

ನಾನು ಫೋಟೊಗ್ರಫಿ ಕಲಿತದ್ದು ಆ ಕಿಟಕಿಯನ್ನು ನೋಡಿಕೊಂಡೇ. ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್. ಪ್ರತಿ ಫೋಟೊ ಆದ ಮೇಲೆ ‘7: ಅಪರ್ಚರ್ 8, ಷಟರ್ 125, ಮೋಡ’ ಎಂದು ಬರೆದುಕೊಳ್ಳಬೇಕು. ರೀಲು ಮುಗಿಯಲು ಒಂದು ತಿಂಗಳು, ಊರಿನ ಸ್ಟುಡಿಯೊದಿಂದ ಶಿವಮೊಗ್ಗಕ್ಕೆ ಹೋಗಿ ತೊಳೆದು ಬರಲು ಮತ್ತೊಂದು ವಾರ. ತಪ್ಪು ಮಾಡಿದ ದಿನಕ್ಕೂ ತಪ್ಪು ತಿಳಿದ ದಿನಕ್ಕೂ ನಡುವೆ ಹತ್ತಿರ ಹತ್ತಿರ ನಲವತ್ತು ದಿನ. ಒಮ್ಮೆ ಜೋಗದಲ್ಲಿ ಇಡೀ ದಿನ ಮಳೆಯಲ್ಲಿ ನೆನೆದು ತೆಗೆದ 36 ಫೋಟೊಗಳಲ್ಲಿ ಒಂದೂ ಬಂದಿರಲಿಲ್ಲ. ರೀಲಿನ ನಾಲಿಗೆ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಅಂಕಿ ಓಡಿತ್ತು, ರೀಲು ಇದ್ದಲ್ಲೇ ಇತ್ತು. ಲಿವರ್ ಎಳೆದಾಗ ಎಡಗಡೆಯ ಗುಂಡಿಯೂ ತಿರುಗುತ್ತಿದೆಯೇ ಎಂದು ನೋಡಬೇಕು ಎಂಬ ಪಾಠ ಆ ಒಂದು ದಿನದ ಬೆಲೆಗೆ ಸಿಕ್ಕಿತು.

ಹೋದ ಮೇ ತಿಂಗಳಲ್ಲಿ ತೀರ್ಥಹಳ್ಳಿಯಿಂದ ಅಕ್ಕನ ಮಗಳು ಫೋನ್ ಮಾಡಿದಳು. “ಮಾಮ, ಒಂದು ಕ್ಯಾಮೆರಾ ತಗೋಬೇಕು. ಇಪ್ಪತ್ನಾಲ್ಕು ಮೆಗಾಪಿಕ್ಸೆಲ್ ಸಾಕಾ, ಮೂವತ್ತೆರಡು ಬೇಕಾ? ಫುಲ್ ಫ್ರೇಮ್ ಇಲ್ಲದೆ ಇದ್ರೆ ದಂಡ ಅಂತಾರಲ್ಲ, ಹೌದಾ?” ಬ್ಯಾಂಕಿನಲ್ಲಿ ಕೆಲಸ, ಮನೆಯ ಹಿಂದೆ ಕೆರೆ, ಏರಿಯ ಮೇಲೆ ಬಂದು ಕೂರುವ ಹಕ್ಕಿಗಳ ಫೋಟೊ ತೆಗೆಯುವ ಆಸೆ. ಆದರೆ ಪ್ರಶ್ನೆಯಲ್ಲಿ ಹಕ್ಕಿ ಇರಲಿಲ್ಲ, ಬರೀ ಅಂಕಿಗಳಿದ್ದವು. ಆ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ಹೇಳದೆ ಉತ್ತರ ಕೊಡಲು ನನಗೆ ಮನಸ್ಸಾಗಲಿಲ್ಲ.

ಫುಲ್ ಫ್ರೇಮ್ ಎಂಬುದರ ಬೇರು ಜರ್ಮನಿಯ ವೆಟ್ಸ್ಲರ್ ಊರಿನಲ್ಲಿದೆ. ಅಲ್ಲಿನ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಇದ್ದ. ಉಬ್ಬಸದ ತೊಂದರೆಯಿದ್ದ ಆತನಿಗೆ ಗಾಜಿನ ಪ್ಲೇಟುಗಳ ಭಾರದ ಕ್ಯಾಮೆರಾ ಹೊತ್ತು ಬೆಟ್ಟ ಹತ್ತುವುದು ಆಗುತ್ತಿರಲಿಲ್ಲ. ಸಿನಿಮಾದ 35 ಮಿ.ಮೀ. ರೀಲನ್ನೇ ಅಡ್ಡಲಾಗಿ ಓಡಿಸಿ, ಸಿನಿಮಾ ಚೌಕಟ್ಟಿನ ಎರಡರಷ್ಟು ಜಾಗದಲ್ಲಿ ಒಂದು ಚಿತ್ರ ಮೂಡುವಂತೆ ಮಾಡಿದ. 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. 1925ರಲ್ಲಿ ಲೈಕಾ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂತು. ಇವತ್ತಿನ ಡಿಜಿಟಲ್ ಕ್ಯಾಮೆರಾದಲ್ಲಿ ರೀಲಿನ ಜಾಗದಲ್ಲಿ ಕೂತು ಬೆಳಕು ಹಿಡಿಯುವ ಫುಲ್ ಫ್ರೇಮ್ ಸೆನ್ಸರಿನ ಅಳತೆಯೂ ಅದೇ. ಅಂದರೆ ಈ ಅಳತೆ ಹುಟ್ಟಿದ್ದು ಚಿತ್ರದ ಗುಣಕ್ಕಾಗಿ ಅಲ್ಲ, ಹೊರುವವನ ಹೆಗಲಿನ ಸಲುವಾಗಿ. ಮೊದಲ ಕ್ಯಾಮೆರಾ ಕೊಳ್ಳಲು ಹೊರಟವರು ಇದೊಂದನ್ನು ನೆನಪಿಟ್ಟರೆ ಅರ್ಧ ಗೊಂದಲ ಕಳೆಯುತ್ತದೆ.

ರೀಲೇ ಇಲ್ಲದ ಕ್ಯಾಮೆರಾ ಹುಟ್ಟಿದ್ದು, ರೀಲು ಮಾರಿಯೇ ದೊಡ್ಡದಾದ ಕೊಡಾಕ್ ಕಂಪನಿಯ ಮನೆಯಲ್ಲಿ. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಸಿಸಿಡಿ ಎಂಬ ಚಿಪ್ಪನ್ನು ವಿಲ್ಲಾರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಂಡುಹಿಡಿದಿದ್ದರು. ಇದರಿಂದ ನಮಗೇನಾದರೂ ಉಪಯೋಗವಿದೆಯೇ ನೋಡು ಎಂದು ಕೊಡಾಕ್‌ನ ಮೇಲಧಿಕಾರಿಯೊಬ್ಬರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಸ್ಟೀವನ್ ಸ್ಯಾಸನ್ ಎಂಬ ಹುಡುಗನಿಗೆ ಹೇಳಿದರು. ಸ್ಯಾಸನ್ ರಾಚೆಸ್ಟರ್ ನಗರದ ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದ. ಸೂಪರ್ 8 ಸಿನಿಮಾ ಕ್ಯಾಮೆರಾದಿಂದ ಲೆನ್ಸು ಬಂತು, ಅಡ್ಡಕ್ಕೆ ನೂರು, ಉದ್ದಕ್ಕೆ ನೂರು ಚುಕ್ಕೆಗಳ ಒಂದು ಸಿಸಿಡಿ ಬಂತು, 16 ಬ್ಯಾಟರಿ ಬಂತು, ಪಕ್ಕಕ್ಕೆ ಒಂದು ಕ್ಯಾಸೆಟ್ ರೆಕಾರ್ಡರ್. ತೂಕ ಮೂರೂವರೆ ಕಿಲೋ ದಾಟಿತ್ತು. 1975ರ ಡಿಸೆಂಬರಿನಲ್ಲಿ ಪ್ರಯೋಗಾಲಯದ ಸಹಾಯಕಿಯೊಬ್ಬರ ಫೋಟೊ ತೆಗೆದ. ಚಿತ್ರ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಾಯಿತು. ಟಿವಿ ಪರದೆಯಲ್ಲಿ ಆಕೆಯ ಕೂದಲು ಕಂಡಿತು, ಮುಖ ಕಲಸಿಹೋಗಿತ್ತು. ತಂತಿಗಳನ್ನು ಅದಲು ಬದಲು ಮಾಡಿದ ಮೇಲೆ ಮುಖವೂ ಬಂತು.

ಆ ಟೇಪಿನಲ್ಲಿ ಎಷ್ಟು ಚಿತ್ರ ಹಿಡಿಯಬೇಕು ಎಂಬ ಪ್ರಶ್ನೆ ಬಂದಾಗ ಸ್ಯಾಸನ್ 30 ಎಂದು ಗೊತ್ತು ಮಾಡಿದ. ಆಗಿನ ರೀಲುಗಳು ಬರುತ್ತಿದ್ದದ್ದು 24 ಮತ್ತು 36ರ ಲೆಕ್ಕದಲ್ಲಿ. ಜನರಿಗೆ ಒಗ್ಗುವಂತೆ ಅವೆರಡರ ನಡುವಿನ ಅಂಕಿಯನ್ನು ಆರಿಸಿಕೊಂಡ. ರೀಲಿನ ಹಂಗೇ ಇಲ್ಲದ ಯಂತ್ರ ಕೂಡ ರೀಲಿನ ಲೆಕ್ಕದಲ್ಲೇ ಎಣಿಸುತ್ತಿತ್ತು! ಈ ಕತೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ತಟ್ಟಿದ ಸಂಗತಿ ಇದು. ಕೊಡಾಕ್‌ನ ದೊಡ್ಡವರು, ತಮ್ಮ ಫೋಟೊಗಳನ್ನು ಟಿವಿಯಲ್ಲಿ ನೋಡಲು ಯಾರು ಬಯಸುತ್ತಾರೆ ಎಂದು ಕೇಳಿದರಂತೆ. 1978ರಲ್ಲಿ ಪೇಟೆಂಟ್ ಸಿಕ್ಕಿತು. ಕ್ಯಾಮೆರಾ ಮಾತ್ರ ಅಂಗಡಿಗೆ ಬರಲಿಲ್ಲ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು.

ಅದೇ ಕೊಡಾಕ್‌ನ ಬ್ರೈಸ್ ಬೇಯರ್ ಎಂಬ ವಿಜ್ಞಾನಿ 1976ರಲ್ಲಿ ಇನ್ನೊಂದು ಪೇಟೆಂಟ್ ಪಡೆದಿದ್ದರು. ಸೆನ್ಸರಿನ ಮೇಲಿನ, ಬೆಳಕು ಹಿಡಿಯುವ ಚುಕ್ಕೆಗಳಿಗೆ ಬಣ್ಣ ತಿಳಿಯದು, ಬೆಳಕು ಎಷ್ಟು ಎಂಬುದಷ್ಟೇ ತಿಳಿಯುತ್ತದೆ. ಬೇಯರ್ ಅವುಗಳ ಮೇಲೆ ಬಣ್ಣದ ಸೋಸುಕಗಳನ್ನು ಹಾಸಿದರು. ಪ್ರತಿ ನಾಲ್ಕು ಚುಕ್ಕೆಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಹಸಿರನ್ನು ಹೆಚ್ಚು ಸೂಕ್ಷ್ಮವಾಗಿ ಗ್ರಹಿಸುವುದರಿಂದ ಹಸಿರಿಗೆ ಎರಡು ಪಾಲು. ಅಕ್ಕನ ಮಗಳು ಕೇಳಿದ 24 ಮೆಗಾಪಿಕ್ಸೆಲ್ ಎಂದರೆ ಎರಡು ಕೋಟಿ ನಲವತ್ತು ಲಕ್ಷ ಚುಕ್ಕೆ. ಅದರಲ್ಲಿ ಅರ್ಧ ಹಸಿರನ್ನಷ್ಟೇ ನೋಡುತ್ತವೆ. ಉಳಿದ ಬಣ್ಣವನ್ನು ಕ್ಯಾಮೆರಾ ಅಕ್ಕಪಕ್ಕದ ಚುಕ್ಕೆಗಳನ್ನು ನೋಡಿ ಅಂದಾಜಿಸುತ್ತದೆ.

1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾಕ್ಕೆ ಸೆನ್ಸರ್ ಕೂರಿಸಿ ಕೊಡಾಕ್ ಮಾರಿದ ಡಿಸಿಎಸ್‌ಗೆ 13 ಲಕ್ಷ ಚುಕ್ಕೆ, ಹೆಗಲಿಗೆ ಬೇರೆಯಾಗಿ ಒಂದು ಹಾರ್ಡ್ ಡಿಸ್ಕ್, ಬೆಲೆ 20,000 ಡಾಲರಿಗೂ ಮೇಲೆ. ಅದು ಸುದ್ದಿಸಂಸ್ಥೆಗಳ ಕ್ಯಾಮೆರಾ.

ಹವ್ಯಾಸಿಯ ಬದುಕು ಬದಲಾದದ್ದು 1995ರಲ್ಲಿ, ಗಡಿಯಾರ ಮತ್ತು ಕ್ಯಾಲ್ಕುಲೇಟರಿಗೆ ಹೆಸರಾದ ಕ್ಯಾಸಿಯೊ ಕಂಪನಿಯಿಂದ. ಅದರ ಕ್ಯುವಿ-10 ಕ್ಯಾಮೆರಾದ ಚಿತ್ರ ತೀರಾ ಸಾಧಾರಣ, ಸೆನ್ಸರಿನಲ್ಲಿದ್ದದ್ದು ಎರಡೂವರೆ ಲಕ್ಷ ಚುಕ್ಕೆ. ಆದರೆ ಬೆನ್ನಿನಲ್ಲಿ 1.8 ಇಂಚಿನ ಒಂದು ಪರದೆಯಿತ್ತು. ತೆಗೆದದ್ದನ್ನು ತೆಗೆದ ಜಾಗದಲ್ಲೇ ನೋಡಬಹುದು, ಬೇಡವಾದರೆ ಅಳಿಸಬಹುದು. ಒಳಗೆ 96 ಚಿತ್ರ ಹಿಡಿಯುತ್ತಿದ್ದವು. ಅಲ್ಲಿಗೆ 36ರ ಲೆಕ್ಕ ಮುರಿದುಬಿತ್ತು. ಅದೇ ವರ್ಷ ಜಪಾನಿನಲ್ಲಿ ಎಕ್ಸಿಫ್ ಎಂಬ ಒಪ್ಪಂದವೂ ಆಯಿತು. ಷಟರ್ ವೇಗ, ಅಪರ್ಚರ್, ಹೊತ್ತು, ದಿನಾಂಕ ಎಲ್ಲವನ್ನೂ ಕ್ಯಾಮೆರಾ ತಾನೇ ಚಿತ್ರದ ಫೈಲಿನೊಳಗೆ ಬರೆದಿಡುವ ವ್ಯವಸ್ಥೆ ಅದು. ನನ್ನ ಜೇಬಿನ ನೋಟ್‌ಬುಕ್ ಮಾಡುತ್ತಿದ್ದ ಕೆಲಸ ಅಷ್ಟೇ. ನಲವತ್ತು ದಿನದ ಕಾಯುವಿಕೆ ಒಂದೆರಡು ಸೆಕೆಂಡಿಗೆ ಇಳಿಯಿತು. ಡಿಜಿಟಲ್ ಕ್ಯಾಮೆರಾ ಕಲಿಯುವವರಿಗೆ ಕೊಟ್ಟ ನಿಜವಾದ ಕೊಡುಗೆ ಇದೇ ಎಂದು ನಾನು ನಂಬಿದ್ದೇನೆ: ತಪ್ಪಿಗೆ ದುಡ್ಡು ಬೀಳುವುದಿಲ್ಲ, ಮತ್ತು ತಪ್ಪು ಮಾಡಿದ ಬೆಳಕಿನಲ್ಲೇ ನಿಂತು ತಿದ್ದಿಕೊಳ್ಳಬಹುದು.

ನಮ್ಮ ನಾಡಿನಲ್ಲಿ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಅವರಂಥವರು ಕಾಡಿನ ಮತ್ತು ಹಕ್ಕಿಗಳ ಫೋಟೊಗ್ರಫಿಗೆ ಕೈ ಹಾಕಿದ್ದು ಆ ಪುಟ್ಟ ಕಿಟಕಿಯ ಕಾಲದಲ್ಲಿ. ಹಾರುವ ಹಕ್ಕಿಗೆ ಗುರಿಯಿಟ್ಟು, ಬಂತೋ ಇಲ್ಲವೋ ತಿಳಿಯದೆ ದಿನಗಟ್ಟಲೆ ಕಾದ ಅವರ ತಾಳ್ಮೆಯನ್ನು ನೆನೆದಾಗಲೆಲ್ಲ ಮನಸ್ಸು ಬಾಗುತ್ತದೆ.

ಲೆನ್ಸು ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ ಸಾಮಾನ್ಯರ ಕೈಗೆ ಎಟುಕುವಂತಾದದ್ದು 2003ರಲ್ಲಿ. ಕ್ಯಾನನ್‌ನ 300ಡಿ ಮೊದಲ ಬಾರಿಗೆ 1,000 ಡಾಲರಿಗಿಂತ ಕಡಿಮೆಗೆ ಬಂತು. ಜೊತೆಗೆ ಬಂದದ್ದು 18–55 ಮಿ.ಮೀ. ಲೆನ್ಸು. ಮುಂದೆ ಹಲವು ವರ್ಷ ಅಂಗಡಿಯವರು ಹೊಸಬರ ಕೈಗೆ ಮೊದಲು ಕೊಡುತ್ತಿದ್ದ ಲೆನ್ಸಿನ ಅಳತೆ ಬಹುಪಾಲು ಅದೇ. ಅದರ ಸೆನ್ಸರ್ ಫುಲ್ ಫ್ರೇಮ್ ಆಗಿರಲಿಲ್ಲ. ಎಪಿಎಸ್-ಸಿ ಎಂಬ ಸಣ್ಣ ಅಳತೆಯದು. ಆ ಹೆಸರು ಬಂದದ್ದು 1996ರಲ್ಲಿ ಹುಟ್ಟಿ ಬೇಗ ಮರೆಯಾದ ಒಂದು ಬಗೆಯ ರೀಲಿನಿಂದ. ರೀಲು ಹೋಯಿತು, ಹೆಸರು ಸೆನ್ಸರಿನ ಮೇಲೆ ಉಳಿಯಿತು.

ಇಷ್ಟು ಹೇಳಿದ ಮೇಲೆ ಅಕ್ಕನ ಮಗಳ ಜೊತೆ ಲೆಕ್ಕಕ್ಕೆ ಕುಳಿತೆ. ಎಂಟಕ್ಕೆ ಹನ್ನೆರಡು ಇಂಚಿನ ಪ್ರಿಂಟ್ ಹಾಕಿಸಿ ಗೋಡೆಗೆ ತೂಗು ಹಾಕಬೇಕೆಂದರೆ, ಇಂಚಿಗೆ 300 ಚುಕ್ಕೆಯಂತೆ 2,400ಕ್ಕೆ 3,600 ಚುಕ್ಕೆ ಬೇಕು. ಗುಣಿಸಿದರೆ ಒಂಬತ್ತು ಮೆಗಾಪಿಕ್ಸೆಲ್ ಕೂಡ ಆಗುವುದಿಲ್ಲ. ಆಲ್ಬಮ್ಮಿನ ನಾಲ್ಕಕ್ಕೆ ಆರು ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. 24ರ ಮೇಲಿನ ಅಂಕಿಗೆ ಅವಳು ದುಡ್ಡು ಸುರಿಯಬೇಕಾದ ಅಗತ್ಯವೇ ಇಲ್ಲ.

ಸೆನ್ಸರಿನ ಅಳತೆ ಹಾಗಲ್ಲ, ಅದನ್ನು ನೋಡಲೇಬೇಕು. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ 864 ಚದರ ಮಿ.ಮೀ. ಎಪಿಎಸ್-ಸಿಯದು ಸುಮಾರು 330ರಿಂದ 370. ಉದ್ದ ಜೂಮಿನ ಒಂದೇ ತುಂಡಿನ ಕ್ಯಾಮೆರಾಗಳಲ್ಲಿ ಇರುವ ಸೆನ್ಸರ್ ಸಾಮಾನ್ಯವಾಗಿ 28 ಚದರ ಮಿ.ಮೀ.ನಷ್ಟು ಮಾತ್ರ. ಆ ಸಣ್ಣತನದಿಂದಲೇ ಅವಕ್ಕೆ ಅಷ್ಟು ಜೂಮ್ ಸಾಧ್ಯವಾಗುವುದು. 2015ರಲ್ಲಿ ಬಂದ ನಿಕಾನ್ ಪಿ900ರ ಜೂಮ್ ಫುಲ್ ಫ್ರೇಮಿನ 2,000 ಮಿ.ಮೀ. ಲೆನ್ಸಿಗೆ ಸಮ ಎಂಬ ಲೆಕ್ಕವಿತ್ತು. ಲೆನ್ಸಿನ ನಿಜವಾದ ಅಳತೆ 357 ಮಿ.ಮೀ. ಚಿಕ್ಕ ಕಿಟಕಿಯಿಂದ ನೋಡಿದರೆ ಕಿಟಕಿಯ ತುಂಬ ಹಕ್ಕಿಯೇ ಕಾಣುತ್ತದೆಯಲ್ಲ, ಹಾಗೆ. ಬಿಸಿಲಿದ್ದಾಗ ಅಂಥ ಕ್ಯಾಮೆರಾ ಒಳ್ಳೆಯ ಚಿತ್ರವನ್ನೇ ಕೊಡುತ್ತದೆ. ಆದರೆ ತೀರ್ಥಹಳ್ಳಿಯ ಆಷಾಢದ ಬೆಳಗಿನಲ್ಲಿ ಬೆಳಕೆಲ್ಲಿ? ಅಷ್ಟು ಸಣ್ಣ ಸೆನ್ಸರಿಗೆ ಸಿಗುವ ಬೆಳಕು ಒಂದು ಹನಿ. ಚಿತ್ರದ ತುಂಬ ರವೆ ಚೆಲ್ಲಿದಂಥ ಕಾಳು. ಮಲೆನಾಡಿನವರಿಗೆ ಎಪಿಎಸ್-ಸಿಯೇ ಸರಿ ಎಂಬ ನನ್ನ ತೀರ್ಮಾನಕ್ಕೆ ಕಾರಣ ಅದು. ಫುಲ್ ಫ್ರೇಮ್ ಇನ್ನೂ ಚೆನ್ನ, ನಿಜ. ಆದರೆ ಅದರ ಹಕ್ಕಿ ಲೆನ್ಸಿನ ಬೆಲೆ, ತೂಕ ಎರಡೂ ಹೊಸಬರಿಗೆ ಹೊರೆ.

ಹೊಸ ಕ್ಯಾಮೆರಾವೇ ಬೇಕು ಎಂಬುದು ಮೊದಲು ಅವಳ ಹಟವಾಗಿತ್ತು. ಇಲ್ಲಿ ಇನ್ನೊಂದು ತಿರುವನ್ನು ಹೇಳಬೇಕು. 2010ರಲ್ಲಿ ಜಪಾನಿನ ಕಂಪನಿಗಳು ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2020ರಲ್ಲಿ 90 ಲಕ್ಷ ಕೂಡ ಮುಟ್ಟಲಿಲ್ಲ. ಮೊಬೈಲು ಎಲ್ಲವನ್ನೂ ನುಂಗಿತು, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಬಂತು, ಹೊಸಬರಿಗೆಂದೇ ತಯಾರಾಗುತ್ತಿದ್ದ, ಒಳಗೆ ಕನ್ನಡಿಯಿರುವ ಅಗ್ಗದ ಡಿಎಸ್‌ಎಲ್‌ಆರ್‌ಗಳನ್ನು ಕಂಪನಿಗಳು ಒಂದೊಂದಾಗಿ ಕೈಬಿಡುತ್ತ ಬಂದವು. ಕೋಟಿಗಟ್ಟಲೆ ಕ್ಯಾಮೆರಾಗಳು ಮಾತ್ರ ಇನ್ನೂ ಎಲ್ಲೋ ಇವೆ, ಹಲವು ಚೀಲದಿಂದ ಹೊರಗೂ ಬರದೆ. ಅಂಥದ್ದೊಂದನ್ನು ಕೊಂಡು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ.

ಕೊನೆಗೆ ಎಂಟು ವರ್ಷ ಹಳೆಯ 24 ಮೆಗಾಪಿಕ್ಸೆಲ್‌ನ ಒಂದು ಎಪಿಎಸ್-ಸಿ ಕ್ಯಾಮೆರಾ, 18–55 ಲೆನ್ಸು, ಹಕ್ಕಿಗೆಂದು 70–300 ಲೆನ್ಸು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕವು. ಕೊಳ್ಳುವ ಮೊದಲು ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿದೆವು. ಮಳೆನಾಡಿನ ಲೆನ್ಸುಗಳಿಗೆ ಅದೇ ದೊಡ್ಡ ರೋಗ. ಷಟರ್ ಎಷ್ಟು ಬಾರಿ ಓಡಿದೆ ಎಂದು ಕೇಳಿದೆವು. ಇಂಥ ಕ್ಯಾಮೆರಾಗಳ ಷಟರ್ ಸುಮಾರು ಒಂದು ಲಕ್ಷ ಬಾರಿ ಓಡುವ ಅಂದಾಜಿನಲ್ಲಿ ಮಾಡಿದ್ದು, ಇದು ಹದಿನಾಲ್ಕು ಸಾವಿರವನ್ನೂ ದಾಟಿರಲಿಲ್ಲ. ನಿಕಾನ್ ಕೊಳ್ಳುವವರು ಮತ್ತೊಂದನ್ನು ಗಮನಿಸಬೇಕು: 3000 ಮತ್ತು 5000 ಸರಣಿಯ ಡಿಎಸ್‌ಎಲ್‌ಆರ್‌ಗಳ ಒಳಗೆ ಫೋಕಸ್ ಮೋಟಾರು ಇಲ್ಲ. ಹಳೆಯ 50 ಮಿ.ಮೀ. ಡಿ ಲೆನ್ಸು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕಾಗುತ್ತದೆ.

ಅವಳಿಗೆ ಹೇಳಿದ್ದು ಇಷ್ಟೇ. ಮೊದಲ ತಿಂಗಳು ಆಟೊ ಬಿಟ್ಟು ಎಂ (ಮ್ಯಾನುಯಲ್) ಗುರುತಿಗೆ ತಿರುಗಿಸಿಡು, ಕೆರೆ ಏರಿಯ ಒಂದೇ ಕಲ್ಲನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆ, ರಾತ್ರಿ ಕೂತು ಫೈಲಿನೊಳಗಿನ ಅಂಕಿಗಳನ್ನು ಓದು. ಹಕ್ಕಿ ಆಮೇಲೆ. ಮಳೆ ಹಿಡಿದಾಗ ಕ್ಯಾಮೆರಾವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ಒಂದು ತಿಂಗಳಲ್ಲಿ ಅವಳು ತೆಗೆದದ್ದು ಎರಡು ಸಾವಿರದ ಮೇಲೆ. ನನಗೆ ಅಷ್ಟು ತೆಗೆಯಲು ಐವತ್ತೈದಕ್ಕೂ ಹೆಚ್ಚು ರೀಲು ಬೇಕಾಗುತ್ತಿತ್ತು.

ನಿಮ್ಮ ಮನೆಯ ಕಪಾಟಿನಲ್ಲೂ ಹತ್ತು ವರ್ಷದ ಹಿಂದಿನ ಮದುವೆಗೋ ಪ್ರವಾಸಕ್ಕೋ ಕೊಂಡ ಡಿಜಿಟಲ್ ಕ್ಯಾಮೆರಾ ಮಲಗಿರಬಹುದು. ದಯವಿಟ್ಟು ಈ ಭಾನುವಾರ ಅದನ್ನು ಹೊರಗೆ ತೆಗೆಯಿರಿ. ಬ್ಯಾಟರಿ ಚಾರ್ಜ್ ಆಗುತ್ತದೆಯೇ, ಲೆನ್ಸಿಗೆ ಬೂಷ್ಟು ಹಿಡಿದಿದೆಯೇ ನೋಡಿ. ಸರಿಯಿದ್ದರೆ, ಫೋಟೊ ಕಲಿಯಬೇಕೆಂದು ಕೇಳುವ ಮನೆಯ ಅಥವಾ ಪಕ್ಕದ ಮನೆಯ ಮಕ್ಕಳ ಕೈಗೆ ಕೊಡಿ.