ಆನ್ ಆರ್ಬರ್‌ನ ಕೋಚ್, ಘಟಪ್ರಭೆಯ ಡಾಕ್ಟರು

1902ರ ಜನವರಿ 1. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ಗುಲಾಬಿ ಉತ್ಸವದಲ್ಲಿ ಮೊದಲ ಸಲ ಕಾಲೇಜು ಫುಟ್‌ಬಾಲ್ ಪಂದ್ಯ ಇಟ್ಟಿದ್ದರು. ಒಂದು ಕಡೆ ಅದೇ ಸೀಮೆಯ ಸ್ಟ್ಯಾನ್‌ಫರ್ಡ್, ಇನ್ನೊಂದು ಕಡೆ ದೂರದಿಂದ ರೈಲು ಹತ್ತಿ ಬಂದ ಮಿಷಿಗನ್. ಅಂಕ 49–0 ಆಗಿ, ಆಟಕ್ಕೆ ಇನ್ನೂ ಎಂಟು ನಿಮಿಷ ಇರುವಾಗಲೇ ಸ್ಟ್ಯಾನ್‌ಫರ್ಡ್ ನಾಯಕ ಬಂದು ಇನ್ನು ಸಾಕು ಎಂದ. ಮಿಷಿಗನ್ ಒಬ್ಬ ಆಟಗಾರನನ್ನೂ ಬದಲಿಸದೆ ಅದೇ ಹನ್ನೊಂದು ಮಂದಿಯಿಂದ ಪಂದ್ಯ ಮುಗಿಸಿತ್ತು. ಈ ಏಕಪಕ್ಷೀಯ ಆಟ ಕಂಡು ಬೇಸತ್ತ ಸಂಘಟಕರು ಫುಟ್‌ಬಾಲ್ ಕೈಬಿಟ್ಟು, ಮುಂದೆ ಹಲವು ವರ್ಷ ರಥಗಳ ಓಟ ನಡೆಸಿದರು. ಅಲ್ಲಿ ಫುಟ್‌ಬಾಲ್ ಮತ್ತೆ ಬಂದದ್ದು 1916ರಲ್ಲಿ.

ಗೆದ್ದ ತಂಡದ ಕೋಚ್ ಫೀಲ್ಡಿಂಗ್ ಯೋಸ್ಟ್. ಅವನು 1900ರಲ್ಲಿ ತರಬೇತಿ ಕೊಟ್ಟದ್ದು ಇದೇ ಸ್ಟ್ಯಾನ್‌ಫರ್ಡ್ ತಂಡಕ್ಕೆ!

ಯೋಸ್ಟ್ ಹುಟ್ಟಿದ್ದು 1871ರಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ. ಓದಿದ್ದು ಕಾನೂನು. ಆಗ ಕೋಚ್ ಎಂದರೆ ಸೀಸನ್ನಿಗೆ ಬಂದು ಹೋಗುವ ಆಳು. 1897ರಲ್ಲಿ ಓಹಾಯೋ ವೆಸ್ಲಿಯನ್, ಮರುವರ್ಷ ನೆಬ್ರಾಸ್ಕ, ಆಮೇಲೆ ಕ್ಯಾನ್ಸಸ್, ಆಮೇಲೆ ಸ್ಟ್ಯಾನ್‌ಫರ್ಡ್ ಎಂದು ವರ್ಷಕ್ಕೊಂದು ಕಾಲೇಜು ತಿರುಗಿದ ಅವನು, 1901ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಊರಾದ ಆನ್ ಆರ್ಬರ್‌ಗೆ ಬಂದ ಮೇಲೆ ಅಲ್ಲಿಯೇ ನೆಲೆ ನಿಂತ.

ನಮ್ಮ ಫುಟ್‌ಬಾಲೇ ಬೇರೆ, ಆ ಫುಟ್‌ಬಾಲೇ ಬೇರೆ. ಅಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು. ಎದುರಾಳಿಗಳು ಕಬಡ್ಡಿಯಲ್ಲಿ ರೇಡರ್‌ನನ್ನು ಕೆಡವುವ ಹಾಗೆ ಮೈಮೇಲೆ ಬಿದ್ದು ಕೆಡವುತ್ತಾರೆ. ಒಂದು ಸಲ ಕೆಡವಿದ ಮೇಲೆ ಎದ್ದು, ಸಾಲು ಕಟ್ಟಿ, ಸಂಕೇತ ಕೂಗಿ, ಮತ್ತೆ ಆಟ ಶುರು ಮಾಡಬೇಕು. ಯೋಸ್ಟ್ ಕಣ್ಣಿಟ್ಟದ್ದು ಈ ನಡುವಿನ ವೇಳೆಯ ಮೇಲೆ. ಎದುರು ತಂಡ ಧೂಳು ಝಾಡಿಸಿಕೊಳ್ಳುವುದರೊಳಗೆ ತನ್ನವರು ಮುಂದಿನ ದಾಳಿಗೆ ಇಳಿದಿರಬೇಕು ಎಂದು ಬೆನ್ನು ಹತ್ತಿ ಕೂಗುತ್ತಿದ್ದ. ಹಾಗಾಗಿ ಅವನಿಗೆ ‘ಹರಿ ಅಪ್’ ಯೋಸ್ಟ್ ಎಂಬ ಹೆಸರೇ ಬಿತ್ತು.

ಫಲ ಬೇಗನೆ ಕಂಡಿತು. 1901ರಿಂದ 1905ರವರೆಗೆ ಮಿಷಿಗನ್ ಆಡಿದ 57 ಪಂದ್ಯಗಳಲ್ಲಿ 55 ಗೆಲುವು, ಒಂದು ಸಮ, ಒಂದೇ ಸೋಲು. ಗಳಿಸಿದ ಅಂಕ 2,821, ಬಿಟ್ಟುಕೊಟ್ಟದ್ದು ಬರೀ 42. ‘ನಿಮಿಷಕ್ಕೊಂದು ಅಂಕ’ದ ತಂಡ ಎಂದು ಪತ್ರಿಕೆಗಳು ಕರೆದವು.

ಆ ಒಂದು ಸಮಬಲದ ಪಂದ್ಯದಿಂದ ಹುಟ್ಟಿದ ಕಥೆ ಇವತ್ತಿಗೂ ನಡೆದಿದೆ. 1903ರ ಅಕ್ಟೋಬರ್‌ನಲ್ಲಿ ಮಿನೆಸೋಟಕ್ಕೆ ಹೋದಾಗ, ಅಲ್ಲಿಯವರು ಕೊಡುವ ನೀರಿನ ಮೇಲೆ ಯೋಸ್ಟ್‌ಗೆ ನಂಬಿಕೆ ಬರಲಿಲ್ಲ. ಹುಡುಗನೊಬ್ಬನನ್ನು ಅಂಗಡಿಗೆ ಕಳಿಸಿ 30 ಸೆಂಟಿಗೆ ಒಂದು ದೊಡ್ಡ ಹೂಜಿ ತರಿಸಿದ. ಪಂದ್ಯ 6–6ರಲ್ಲಿ ನಿಂತಿತು. ಜನ ಮೈದಾನಕ್ಕೆ ನುಗ್ಗಿದ ಗದ್ದಲದಲ್ಲಿ ಮಿಷಿಗನ್‌ನವರು ಹೂಜಿ ಮರೆತು ಹೋದರು. ಮಿನೆಸೋಟದವರು ಅದರ ಮೇಲೆ ತಮ್ಮ ಅಂಕವನ್ನು ದೊಡ್ಡದಾಗಿ, ಮಿಷಿಗನ್ ಅಂಕವನ್ನು ಚಿಕ್ಕದಾಗಿ ಬರೆದಿಟ್ಟುಕೊಂಡರು. 1909ರಿಂದ ಎರಡೂ ಕಾಲೇಜುಗಳು ಅದೇ ಹೂಜಿಯನ್ನು ಪಣಕ್ಕಿಟ್ಟು ಆಡುತ್ತ ಬಂದಿವೆ.

ಆ ಆಟ ಅಪಾಯದ್ದೂ ಆಗಿತ್ತು. 1905ರ ಒಂದೇ ಸೀಸನ್‌ನಲ್ಲಿ ಕನಿಷ್ಠ 18 ಯುವಕರು ಮೈದಾನದ ಪೆಟ್ಟಿಗೆ ಪ್ರಾಣ ಬಿಟ್ಟರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳ ಫುಟ್‌ಬಾಲ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿಗೆ ಕೊಟ್ಟಿತು, ಗುಂಪು ಗುಂಪಾಗಿ ತುಳಿದಾಡುವುದು ಕಡಿಮೆಯಾಯಿತು.

ಯೋಸ್ಟ್ ಹೀಗೆ ಹೆಸರು ಮಾಡಿ ಕೋಚ್ ಆಗಿ ಮುಂದುವರಿದಿದ್ದಾಗಲೇ ಕನ್ನಡನಾಡಿನ ಒಬ್ಬ ತರುಣ ವೈದ್ಯ ಅದೇ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಅವರೇ ಡಾ. ನಾ.ಸು. ಹರ್ಡೀಕರ್. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು 1913ರಲ್ಲಿ ಅಮೆರಿಕಕ್ಕೆ ಹೋಗಿ, 1916ರಲ್ಲಿ ಮಿಷಿಗನ್‌ನಿಂದ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಪಡೆದರು. ನ್ಯೂಯಾರ್ಕ್‌ನಲ್ಲಿ ಲಾಲಾ ಲಜಪತರಾಯ್ ಜೊತೆ ಸ್ವರಾಜ್ಯದ ಪ್ರಚಾರಕ್ಕೆ ದುಡಿದು, 1921ರಲ್ಲಿ ತಾಯ್ನಾಡಿಗೆ ಮರಳಿದರು.

ಅವರೂ ತರುಣರನ್ನು ಸಾಲು ನಿಲ್ಲಿಸಿದರು, ಕವಾಯತು ಕಲಿಸಿದರು. ಆದರೆ ಈ ಸಾಲಿನ ಎದುರು ಇದ್ದದ್ದು ಬ್ರಿಟಿಷ್ ಸರ್ಕಾರ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ, ಅವರು ತಯಾರು ಮಾಡಿದ ಹುಬ್ಬಳ್ಳಿಯ ಸ್ವಯಂಸೇವಕರು ಕ್ಷಮೆ ಬರೆದುಕೊಡಲಿಲ್ಲ. ಶಿಸ್ತು ಕಲಿತ ಕಾರ್ಯಕರ್ತರ ಬೆಲೆ ಏನೆಂಬುದು ಕಾಂಗ್ರೆಸ್ಸಿಗೆ ಮನದಟ್ಟಾಯಿತು. ಆ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರು, ಕಟ್ಟಿ ನಡೆಸಿದವರು ಹರ್ಡೀಕರ್. ಅಹಿಂಸೆಯ ಪಕ್ಷಕ್ಕೆ ಸಮವಸ್ತ್ರದ ದಳವೇಕೆ ಎಂದು ಕಾಂಗ್ರೆಸ್ಸಿನೊಳಗೇ ಗೊಣಗಿದವರಿದ್ದರು. 1924ರ ಡಿಸೆಂಬರ್‌ನಲ್ಲಿ, ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ, ಹರ್ಡೀಕರರ ಸ್ವಯಂಸೇವಕರು ವ್ಯವಸ್ಥೆಗೆ ಹೆಗಲು ಕೊಟ್ಟರು. ಮಹಿಳಾ ಸ್ವಯಂಸೇವಕರನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ. 1932ರಲ್ಲಿ ಸರ್ಕಾರ ದಳವನ್ನು ನಿಷೇಧಿಸಿತು.

ಅತ್ತ ಯೋಸ್ಟ್ 1921ರಲ್ಲಿ ಮಿಷಿಗನ್‌ನ ಕ್ರೀಡಾ ನಿರ್ದೇಶಕನಾದ. ಅವನ ಹಟದಿಂದಲೇ 1927ರಲ್ಲಿ ದೊಡ್ಡ ಸ್ಟೇಡಿಯಂ ಎದ್ದಿತು. ಮುಂದೆ ಲಕ್ಷ ಜನರಿಗೆ ವಿಸ್ತರಿಸಲು ಬರುವಂತೆ ಬುನಾದಿ ಹಾಕಿಸಿದ್ದ. ಇಂದು ಅಲ್ಲಿ 1,07,000ಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ತಂಡಕ್ಕೆ ಆಯ್ಕೆಯಾಗದ ಸಾಮಾನ್ಯ ವಿದ್ಯಾರ್ಥಿಗಳೂ ಆಡಲಿ ಎಂದು 1928ರಲ್ಲಿ ಬೇರೆಯೇ ಕ್ರೀಡಾಭವನ ಕಟ್ಟಿಸಿದ.

ಆದರೆ ಎಲ್ಲರೂ ಆಡಲಿ ಎಂಬ ಮಾತು ಅವನಲ್ಲಿ ಬಣ್ಣದ ಗೆರೆ ದಾಟಲಿಲ್ಲ. ಅವನ ಕೋಚಿಂಗ್ ಕಾಲದಲ್ಲಿ ಕಪ್ಪು ಆಟಗಾರರಿಗೆ ಹೆಚ್ಚುಕಡಿಮೆ ಜಾಗವೇ ಸಿಗಲಿಲ್ಲ. 1934ರಲ್ಲಿ ಜಾರ್ಜಿಯಾ ಟೆಕ್ ತಂಡ, ಕಪ್ಪು ಆಟಗಾರ ವಿಲ್ಲಿಸ್ ವಾರ್ಡ್ ಇಳಿದರೆ ತಾವು ಆಡುವುದಿಲ್ಲ ಎಂದಾಗ, ಮಿಷಿಗನ್ ವಾರ್ಡ್‌ನನ್ನೇ ಹೊರಗಿಟ್ಟಿತು. ಆಗ ಕ್ರೀಡಾ ನಿರ್ದೇಶಕ ಯೋಸ್ಟ್. ಆ ತಂಡದಲ್ಲಿದ್ದ, ವಾರ್ಡ್‌ನ ಗೆಳೆಯ ಜೆರಾಲ್ಡ್ ಫೋರ್ಡ್ ಇದರಿಂದ ಬಹಳ ನೊಂದ. ಮುಂದೆ ಅವನು ಅಮೆರಿಕದ ಅಧ್ಯಕ್ಷನಾದ. ಯೋಸ್ಟ್ 1946ರಲ್ಲಿ ತೀರಿಕೊಂಡ.

ಹರ್ಡೀಕರ್ 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಬಾಳಿನ ಕೊನೆಯ ಭಾಗದಲ್ಲಿ ಅವರ ಹೆಸರು ಗೋಕಾಕ ತಾಲ್ಲೂಕಿನ ಘಟಪ್ರಭಾ ಊರಿಗೆ, ಅಲ್ಲಿನ ಕರ್ನಾಟಕ ಆರೋಗ್ಯಧಾಮಕ್ಕೆ ಅಂಟಿಕೊಂಡಿತು. 1975ರಲ್ಲಿ ಅವರು ಅಗಲಿದರು. ಸೇವಾದಳದ ತರಬೇತಿ ಕೇಂದ್ರ ಇಂದಿಗೂ ಆ ಊರಿನಲ್ಲಿದೆ.

ಯೋಸ್ಟ್‌ನ ಅಂಕಪಟ್ಟಿ ಬೆರಗು ಹುಟ್ಟಿಸುತ್ತದೆ, ಆದರೆ ಅದನ್ನು ವಾರ್ಡ್‌ನ ಹೆಸರಿನ ಪಕ್ಕ ಇಟ್ಟೇ ಓದಬೇಕು. ಹರ್ಡೀಕರರಿಗೆ ಅಂಕಪಟ್ಟಿ ಇಲ್ಲ; ಬಹುಶಃ ಅದಕ್ಕೇ ಮಕ್ಕಳಿಗೆ ಅವರ ಪರಿಚಯ ಕಡಿಮೆ. ಹುಕ್ಕೇರಿಯ ದಡ್ಡಿಯಿಂದ ಮೂಡಲಗಿವರೆಗಿನ ಶಾಲೆಗಳ ಮಾಸ್ತರರು ಮಕ್ಕಳನ್ನು ಗೋಕಾಕ ಫಾಲ್ಸ್ ತೋರಿಸಲು ಕರೆದೊಯ್ಯುತ್ತಲೇ ಇರುತ್ತಾರೆ. ಮುಂದಿನ ಸಲ ಬಸ್ಸನ್ನು ಘಟಪ್ರಭಾಕ್ಕೂ ಹೊರಳಿಸಿ, ಅರ್ಧ ತಾಸು ಈ ಡಾಕ್ಟರ ಕಥೆ ಹೇಳಲಿ.