ಕೂಡಿ ಹಾಡಿದವರು ಒಡೆದುಹೋದುದೇಕೆ?

ಬಡತನದಲ್ಲಿ ಕೂಡಿ ದುಡಿದ ಅಣ್ಣತಮ್ಮಂದಿರು ಸಿರಿ ಬಂದ ಮೇಲೆ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲೇರುವುದುಂಟು. ಜಗತ್ಪ್ರಸಿದ್ಧವಾದ ರಾಕ್ ಸಂಗೀತದ ತಂಡಗಳಲ್ಲಿಯೂ ಇದೇ ಕಥೆ ಮರಳಿ ಮರಳಿ ನಡೆದಿದೆ. ಇದನ್ನು ದುರಾಸೆಯೆಂದೋ ಅಹಂಕಾರವೆಂದೋ ಕರೆದು ಸುಮ್ಮನಾಗುವವರೇ ಹೆಚ್ಚು. ಆದರೆ ಇದರ ಹಿಂದೆ ಸರಳವಾದ ಒಂದು ಲೆಕ್ಕವೂ ಅಡಗಿದೆ. ಅದನ್ನರಿಯಲು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ 1960ರಲ್ಲಿ ಹುಟ್ಟಿದ ಬೀಟಲ್ಸ್ ತಂಡದ ಚರಿತ್ರೆಯನ್ನು ಪರಿಶೀಲಿಸೋಣ.

ಧ್ವನಿಮುದ್ರಿಕೆಯೊಂದರಲ್ಲಿ ಎರಡು ಬಗೆಯ ಸ್ವತ್ತುಂಟು. ಹಾಡಿ ನುಡಿಸಿ ಮುದ್ರಿಸಿದ ಧ್ವನಿ ಮೊದಲನೆಯದು. ಹಾಡಿನ ಸಾಹಿತ್ಯ ಮತ್ತು ಮಟ್ಟು ಎರಡನೆಯದು. ಮೊದಲನೆಯದರ ಗೌರವಧನ ತಂಡದ ಎಲ್ಲರಿಗೂ ಸಲ್ಲುತ್ತದೆ. ಎರಡನೆಯದು ರಚಿಸಿದವರಿಗೆ ಮತ್ತು ಅದರ ಪ್ರಕಾಶಕರಿಗೆ ಮಾತ್ರ. ಬೇರೆ ಗಾಯಕರು ಆ ಹಾಡನ್ನು ಹಾಡಿದರೂ ರಚನಕಾರನಿಗೆ ಹಣ ಬರುತ್ತಲೇ ಇರುತ್ತದೆ.

ಬೀಟಲ್ಸ್ ತಂಡದ ನಾಲ್ವರಲ್ಲಿ ಜಾನ್ ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಪ್ರಧಾನ ರಚನಕಾರರು. ತಂಡಕ್ಕೆ ವಾದನದಿಂದ 100 ರೂಪಾಯಿ ಬಂದಿತೆಂದು ಭಾವಿಸಿದರೆ ತಲಾ 25 ಆಗುತ್ತದೆ. ರಚನೆಯಿಂದ 100 ಬಂದರೆ ಆ ಇಬ್ಬರಿಗೆ ತಲಾ 50. ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್ ಅವರಿಗೆ ಶೂನ್ಯ. ಅವರ ಹಾಡುಗಳನ್ನು ಪ್ರಕಟಿಸುತ್ತಿದ್ದ ನಾರ್ದರ್ನ್ ಸಾಂಗ್ಸ್ ಕಂಪನಿಯ ಷೇರುಗಳು 1965ರಲ್ಲಿ ಸಾರ್ವಜನಿಕರಿಗೆ ಮಾರಾಟವಾದಾಗ ಲೆನನ್ ಮತ್ತು ಮೆಕಾರ್ಟ್ನಿ ತಲಾ ಶೇಕಡಾ 15ನ್ನು ಉಳಿಸಿಕೊಂಡರು. ಉಳಿದಿಬ್ಬರಿಗೆ ಒಟ್ಟಾಗಿ ದೊರೆತದ್ದು ಶೇಕಡಾ 1.6. ಹ್ಯಾರಿಸನ್ ಬರೆದ ಹಾಡಿನಿಂದಲೂ ಆತನ ಗೆಳೆಯರಿಗೆ ಆತನಿಗಿಂತ ದೊಡ್ಡ ಷೇರುದಾರರಾಗಿ ಲಾಭ ಬರುತ್ತಿತ್ತು!

1966ರ ಆಗಸ್ಟಿನಲ್ಲಿ ತಂಡವು ಪ್ರವಾಸ ಕಚೇರಿಗಳನ್ನು ನಿಲ್ಲಿಸಿತು. ಸಮನಾಗಿ ಹಂಚಿಕೊಳ್ಳುತ್ತಿದ್ದ ಆದಾಯದ ಒಂದು ತೊರೆ ಹೀಗೆ ಬತ್ತಿತು. ಇನ್ನು ಮುಂದೆ ಕೆಲಸವೆಲ್ಲ ಮುದ್ರಣಾಲಯದಲ್ಲಿಯೇ. ಆದರೆ ಎಲ್.ಪಿ. ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದು ಸುಮಾರು 20 ನಿಮಿಷಗಳ ಸಂಗೀತ. ಯಾರ ಹಾಡಿಗೆ ಸ್ಥಳ ಕೊಡಬೇಕು? ಈ ಪ್ರಶ್ನೆ ಕಲೆಯದೂ ಹೌದು, ಹಣದ್ದೂ ಹೌದು. 1966ರ ರಿವಾಲ್ವರ್ ಸಂಪುಟದ 14 ಹಾಡುಗಳಲ್ಲಿ ಹ್ಯಾರಿಸನ್ ಪಾಲಿಗೆ ಬಂದವು 3. ಆತನ ಪ್ರತಿಭೆ ಬೆಳೆಯಿತು, ಸ್ಥಳ ಬೆಳೆಯಲಿಲ್ಲ. 1969ರ ಜನವರಿಯಲ್ಲಿ ಆತ ಕೆಲವು ದಿನ ತಂಡವನ್ನೇ ತೊರೆದಿದ್ದ. ತಂಡ ಒಡೆದ ವರ್ಷವೇ, ಅಂದರೆ 1970ರಲ್ಲಿ, ಮೂರು ತಟ್ಟೆಗಳ ಸ್ವಂತ ಸಂಪುಟವನ್ನು ಹೊರತಂದುದು, ಎಷ್ಟು ಸಂಗೀತ ಅವನಲ್ಲಿ ಕಾದು ಕುಳಿತಿತ್ತೆಂಬುದನ್ನು ತೋರಿಸುತ್ತದೆ.

ಇಂತಹ ಬಿರುಕುಗಳನ್ನು ಮುಚ್ಚಿ ಎಲ್ಲರನ್ನೂ ಒಂದುಗೂಡಿಸುತ್ತಿದ್ದ ವ್ಯವಸ್ಥಾಪಕ ಬ್ರಯನ್ ಎಪ್‌ಸ್ಟೀನ್ 1967ರ ಆಗಸ್ಟಿನಲ್ಲಿ ತೀರಿಕೊಂಡ. ಅನುಭವವಿಲ್ಲದ ಕಲಾವಿದರು ತಾವೇ ಆ್ಯಪಲ್ ಎಂಬ ವ್ಯಾಪಾರ ಸಂಸ್ಥೆಯನ್ನು ನಡೆಸಹೊರಟರು. ಲಂಡನ್ನಿನಲ್ಲಿ 1967ರ ಡಿಸೆಂಬರಿನಲ್ಲಿ ತೆರೆದ ಅದರ ಅಂಗಡಿ 1968ರ ಜುಲೈಯಲ್ಲಿ ಮುಚ್ಚಿತು. 1969ರಲ್ಲಿ ಹಣಕಾಸನ್ನು ಯಾರಿಗೊಪ್ಪಿಸಬೇಕೆಂಬ ಪ್ರಶ್ನೆ ಎದ್ದಾಗ ಮೂವರು ಅಮೆರಿಕದ ಅಲನ್ ಕ್ಲೈನ್‌ನನ್ನು ಆರಿಸಿದರು. ಮೆಕಾರ್ಟ್ನಿ ತನ್ನ ಪತ್ನಿಯ ತಂದೆ ಮತ್ತು ಸೋದರನನ್ನು ಸೂಚಿಸಿದ. 1970ರ ಡಿಸೆಂಬರ್ 31ರಂದು ಪಾಲುದಾರಿಕೆಯನ್ನು ಮುರಿಯಲು ಆತ ದಾವೆ ಹೂಡಿದ. ಅದು ಕಾನೂನುರೀತ್ಯಾ ಕೊನೆಗೊಂಡದ್ದು 1975ರಲ್ಲಿ.

ಈ ಗತಿ ಅನಿವಾರ್ಯವೇ? ಅಲ್ಲ. ಅಮೆರಿಕದ ಆರ್.ಇ.ಎಂ. ತಂಡ ತನ್ನ ಹಾಡುಗಳ ಕರ್ತೃತ್ವವನ್ನು ಸದಸ್ಯರೆಲ್ಲರ ಹೆಸರಿನಲ್ಲಿ ದಾಖಲಿಸುತ್ತಿತ್ತು. ಮೂರು ದಶಕಗಳ ತರುವಾಯ, 2011ರಲ್ಲಿ, ಸ್ನೇಹದಿಂದಲೇ ವಿಸರ್ಜನೆಗೊಂಡಿತು. ಬ್ರಿಟನ್ನಿನ ಕ್ವೀನ್ ತಂಡವೂ 1989ರ ಸಂಪುಟದಿಂದ ಈ ಮಾರ್ಗವನ್ನು ಹಿಡಿಯಿತು. ಹೆಚ್ಚು ಬರೆದವನಿಗೂ ಸಮಪಾಲೇ ಎಂಬ ಅಸಮಾಧಾನ ಇದರಲ್ಲಿ ಹುಟ್ಟಬಹುದು, ನಿಜ. ಆದರೆ ಯಾರ ಹಾಡನ್ನು ಆರಿಸಿದರೂ ಯಾರ ಜೇಬೂ ಬರಿದಾಗದೆಂದಾಗ, ಯಾವ ಹಾಡು ಉತ್ತಮವೆಂಬ ಚರ್ಚೆ ಸಂಗೀತದ ಚರ್ಚೆಯಾಗಿಯೇ ಉಳಿಯಬಲ್ಲದು.