ದರ್ಪಣ ಸುಂದರಿಯ ಕೈಯಲ್ಲಿ ಬ್ರಷ್ ಇಲ್ಲ!

ಕಳೆದ ವರ್ಷ ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳಿಗೆ ದರ್ಪಣ ಸುಂದರಿಯ ವೇಷ. ಬಣ್ಣ ಹಚ್ಚಲು ಬಂದವರು ಒಂದೇ ಬ್ರಷ್ಷಿನಲ್ಲಿ ಎಲ್ಲ ಮಕ್ಕಳ ಕಣ್ಣಿಗೂ ಕಪ್ಪು ತೀಡಿದರು. ಮೂರನೆಯ ದಿನ ನಮ್ಮವಳ ಕಣ್ಣು ಕೆಂಡವಾಯಿತು. ಇನ್ನೂ ನಾಲ್ಕು ಮಕ್ಕಳಿಗೂ ಅದೇ ಪಾಡು. ಡಾಕ್ಟರು ವಾರವಿಡೀ ಹನಿ ಹಾಕಿಸಿ, ಇನ್ನು ಮುಂದೆ ಇವಳ ಬ್ರಷ್ ಇವಳಿಗೇ ಇರಲಿ ಎಂದರು.

ಈ ವರ್ಷವೂ ಅದೇ ಪಾತ್ರ ಬಂತು. ನನ್ನ ಸೊಸೆ ಬೇಡವೇ ಬೇಡ ಎಂದಳು. ಮಗು ಊಟ ಬಿಟ್ಟಿತು. ಕೊನೆಗೆ ಬ್ರಷ್ಷಿನ ಹೊಣೆ ನನ್ನದು ಎಂದು ನಾನು ಜಾಮೀನು ನಿಂತೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಯಾರಿಗೂ ಜಾಮೀನು ನಿಂತವನಲ್ಲ ನಾನು!

ಮೊದಲು ಆ ಸುಂದರಿಯನ್ನೇ ನೋಡಿ ಬರೋಣವೆಂದು ಅರಸೀಕೆರೆಯಿಂದ ಬಸ್ ಹತ್ತಿದೆವು. ಜಾವಗಲ್ ಆಯಿತು, ಹಳೇಬೀಡು ಆಯಿತು, ಬೇಲೂರು ತಲುಪಿದಾಗ ಹನ್ನೊಂದು ಗಂಟೆ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇಗುಲ. ಸೂರಿನ ಕೆಳಗೆ ಕನ್ನಡಿ ಹಿಡಿದು ನಿಂತಿದ್ದಾಳೆ ಆಕೆ. ಮೊಮ್ಮಗಳು ಕತ್ತೆತ್ತಿ ನೋಡಿ, "ತಾತ, ಇವಳ ಬ್ರಷ್ ಎಲ್ಲಿ?" ಎಂದಳು. ಅಲಂಕಾರ ಮುಗಿದ ಮೇಲೆ ನೋಡಿಕೊಳ್ಳುತ್ತಿದ್ದಾಳೆ, ಒಳಗೆ ತೊಳೆದಿಟ್ಟು ಬಂದಿರಬೇಕು ಎಂದೆ. ಅಂದಹಾಗೆ ಮಕ್ಕಳೇ, ನಿಮ್ಮ ಅಜ್ಜ-ಅಜ್ಜಿ ಸ್ಲೇಟಿನ ಮೇಲೆ ಬರೆಯುತ್ತಿದ್ದ ಬಳಪದಲ್ಲಿ ಟಾಲ್ಕ್ ಎಂಬ ಮೆತ್ತನೆಯ ಖನಿಜವಿದೆ. ಅದನ್ನೇ ನುಣ್ಣಗೆ ಪುಡಿ ಮಾಡಿದ್ದು ಟಾಲ್ಕಂ ಪೌಡರು.

ನಮ್ಮ ಕಾಲದ ಊರ ನಾಟಕಕ್ಕೆ ಬ್ರಷ್ ಎಲ್ಲಿತ್ತು? ತೆಂಗಿನ ಗರಿಯ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಮೀಸೆ ಬರೆಯುತ್ತಿದ್ದರು. ಅರಸೀಕೆರೆ ಸೀಮೆಯಲ್ಲಿ ತೆಂಗಿಗೇನು ಬರ! ಒಬ್ಬೊಬ್ಬರಿಗೂ ಹೊಸ ಕಡ್ಡಿ, ಬಳಸಿದ್ದು ಒಲೆಗೆ. ಯೋಚಿಸಿದರೆ ಅದೇ ಹೆಚ್ಚು ಶುಚಿಯಾಗಿತ್ತು.

ಪೇಟೆಯಲ್ಲಿ ಅಂಗಡಿಯವನು ಹನ್ನೆರಡು ಬ್ರಷ್ಷಿನ ಪೆಟ್ಟಿಗೆ ತೆಗೆದ, 450 ರೂಪಾಯಿ. ಅದರಲ್ಲಿ ಒಂಬತ್ತು ನಮಗೆ ಬೇಡವಾದವು. ಬಿಡಿಯಾಗಿ ಪೌಡರಿಗೆ ದಪ್ಪನೆಯದೊಂದು, ಕೆನ್ನೆಗೆ ಸಣ್ಣದೊಂದು ಕೇಳಿದೆ. ಹೆಬ್ಬೆರಳಿನಿಂದ ಎಳೆಗಳನ್ನು ಎಳೆದು ನೋಡಿದೆ. ಒಂದೆರಡು ಉದುರಿದರೆ ಚಿಂತೆಯಿಲ್ಲ, ಗೊಂಚಲಾಗಿ ಬಂದರೆ ವಾಪಸು. ಅಂಗೈ ಹಿಂಭಾಗಕ್ಕೆ ಒತ್ತಿದಾಗ ಚುಚ್ಚಬಾರದು, ಬಿಟ್ಟಾಗ ಮತ್ತೆ ನೆಟ್ಟಗಾಗಬೇಕು. ಹಿಡಿ ಮತ್ತು ಎಳೆಗಳನ್ನು ಹಿಡಿದಿಟ್ಟ ತಗಡಿನ ಪಟ್ಟಿ ಅಲುಗಾಡಿದರೆ ಎಷ್ಟು ಅಗ್ಗವಾದರೂ ಬೇಡ. ನೈಲಾನಿನಂಥ ಕೃತಕ ಎಳೆಯೇ ಮಕ್ಕಳಿಗೆ ಲೇಸು. ಕ್ರೀಮನ್ನು ಹೀರಿಕೊಳ್ಳುವುದಿಲ್ಲ, ತೊಳೆದರೆ ಬೇಗ ಒಣಗುತ್ತದೆ.

ಕಣ್ಣಿನ ಗೆರೆಗೆ ಎರಡನೇ ನಂಬರಿನ ನೈಲಾನ್ ಚಿತ್ರಕಲೆಯ ಬ್ರಷ್ ಸಾಕು. ಸ್ಟೇಷನರಿ ಅಂಗಡಿಯಲ್ಲಿ 25 ರೂಪಾಯಿ. ಹೊಸದೇ ಆಗಿರಬೇಕು, ಜಲವರ್ಣದಲ್ಲಿ ಅದ್ದಿದ್ದಲ್ಲ. ಒಂದು ಎಚ್ಚರ: ಮುಂಗುಸಿ ಕೂದಲಿನದು ಎಂದು ಯಾರಾದರೂ ತೋರಿಸಿದರೆ ಮುಟ್ಟಬೇಡಿ. ಮುಂಗುಸಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಅದರ ಕೂದಲಿನ ವ್ಯಾಪಾರ ಅಪರಾಧ. ಹಿಡಿ ಕೂದಲಿಗಾಗಿ ಪಾಪದ ಪ್ರಾಣಿಯನ್ನು ಕೊಲ್ಲುತ್ತಾರೆ.

ಪೌಡರಿನದು 120, ಕೆನ್ನೆಯದು 70, ಗೆರೆಯದು 25. ಒಟ್ಟು 215. ಏನೋ ತೋಚಿ ಗೆರೆಯ ಬ್ರಷ್ ಇನ್ನೆರಡು ಕೊಂಡೆ, 265 ಆಯಿತು. ಲೆಕ್ಕ ಡೈರಿಯಲ್ಲಿದೆ.

ಬಣ್ಣ ಹಚ್ಚಿದ್ದು ನನ್ನಾಕೆ. ಕೈ ನಡುಗುವ ಅಜ್ಜಿಯರು ಗಮನಿಸಿ: ಮೊಣಕೈಯನ್ನು ಮೇಜಿಗೆ ಊರಿ, ಕಿರುಬೆರಳನ್ನು ಮಗುವಿನ ಕೆನ್ನೆಗೆ ಮೆಲ್ಲಗೆ ಆನಿಸಿದರೆ ಗೆರೆ ಓಲಾಡುವುದಿಲ್ಲ. ರೆಪ್ಪೆಯ ಮೇಲೆ, ಕೂದಲಿನ ಹೊರಗೇ ಎಳೆಯಿರಿ. ಪೌಡರು ಅದ್ದಿದ ಬ್ರಷ್ಷನ್ನು ಒಮ್ಮೆ ಕೊಡವಿ, ಕಣ್ಣು ಮುಚ್ಚಿಸಿ ಆಡಿಸಿ.

ವೇದಿಕೆಯ ಹಿಂದೆ ಇವಳ ಗೆಳತಿಯೊಬ್ಬಳು ಬಂದು, ನಿನ್ನ ಬ್ರಷ್ ಕೊಡೇ ಎಂದಳು. ನಮ್ಮವಳು ಪೆಚ್ಚಾಗಿ ನನ್ನ ಮುಖ ನೋಡಿದಳು. ಕೊಡದಿದ್ದರೆ ಸ್ನೇಹ ಕೆಡುತ್ತದೆ, ಕೊಟ್ಟರೆ ಅಮ್ಮ ಬಿಡುವುದಿಲ್ಲ. ಜುಬ್ಬದ ಜೇಬಿನಿಂದ ಹೊಸದೊಂದನ್ನು ತೆಗೆದು, "ಇದು ನಿನಗೇ, ವಾಪಸು ಬೇಡ" ಎಂದೆ. ಆಮೇಲೆ ಬಂದವಳಿಗೆ ಇನ್ನೊಂದು. ಮೂರನೆಯವಳು ಬಂದಾಗ ಜೇಬು ಖಾಲಿ. ಅವಳಿಗೆ ನನ್ನಾಕೆ ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲೇ ಗೆರೆ ಎಳೆದಳು, ಕೊಂಚ ದಪ್ಪವಾಯಿತು.

ಮರುದಿನ ಮೊಮ್ಮಗಳೇ ಬ್ರಷ್ ತೊಳೆದಳು. ಉಗುರು ಬೆಚ್ಚಗಿನ ನೀರು, ಒಂದು ಹನಿ ಶಾಂಪೂ, ಎಳೆಗಳು ಕೆಳಮುಖ. ತಗಡಿನೊಳಗೆ ನೀರು ಹೋದರೆ ಅಂಟು ಬಿಡುತ್ತದೆ, ಆದ್ದರಿಂದ ಲೋಟದಲ್ಲಿ ನಿಲ್ಲಿಸದೆ ಮೇಜಿನ ಅಂಚಿನಲ್ಲಿ ಮಲಗಿಸಿದೆವು, ತುದಿ ಹೊರಚಾಚಿ. ನಾಲ್ಕನೇ ದಿನದವರೆಗೂ ಬೆಳಗ್ಗೆ ಎದ್ದ ಕೂಡಲೇ ಅವಳ ಕಣ್ಣನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಬೆಳ್ಳಗಿತ್ತು. ಐದನೆಯ ದಿನ ಅವಳೇ ಕನ್ನಡಿ ತಂದು ನನ್ನ ಕೈಗಿತ್ತು, "ನೀನೇ ಹಿಡ್ಕೋ ತಾತ, ನಾನು ನೋಡ್ಕೋತೀನಿ" ಎಂದಳು.